ನಾಲ್ಕನೆಯ ಚೇಂಬರಿನ ಮುಂದೆ ಒಂದು ಜೊತೆ ಚಪ್ಪಲಿ

೨೦೨೩ರ ಮಾರ್ಚ್ ತಿಂಗಳು. ಬ್ಯಾಡಗಿ ಊರಾಚೆಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ನಾನು ವಾರಕ್ಕೆ ಎರಡು ದಿನದ ತಪಾಸಣೆಗಾರನಾಗಿದ್ದೆ. ನನಗೆ ಆಗ ಅರವತ್ತೇಳು ವರ್ಷ. ಅದೇ ಸ್ಥಾವರದಲ್ಲಿ ಹದಿನೆಂಟು ವರ್ಷ ಆಪರೇಟರ್ ಆಗಿ ದುಡಿದು ೨೦೧೭ರಲ್ಲಿ ನಿವೃತ್ತನಾಗಿದ್ದವನನ್ನು ಅದರ ಒಡೆಯರಾದ ಸಾವಕಾರರು ಮತ್ತೆ ಕರೆಸಿಕೊಂಡಿದ್ದರು. ರಾಣೇಬೆನ್ನೂರಿನಿಂದ ಬಸ್ಸು ಹಿಡಿದು ಬಂದು, ಕಂಪ್ರೆಸರ್ ಕೋಣೆಯ ಒತ್ತಡ, ಕೊಳವೆಗಳ ಕೀಲು, ಚೇಂಬರುಗಳ ಉಷ್ಣಾಂಶ, ಇವನ್ನು ನೋಡಿ ದಪ್ಪ ಪುಸ್ತಕದಲ್ಲಿ ಬರೆದು ಸಹಿ ಮಾಡುವುದು ನನ್ನ ಕೆಲಸ.

ಆ ತಿಂಗಳು ನಡೆದ ಒಂದು ಘಟನೆಯ ಬಗ್ಗೆ ಎರಡು ಕಥೆಗಳು ಹಬ್ಬಿದವು. ಯಂತ್ರ ತಪ್ಪು ಲೆಕ್ಕ ಹೇಳಿ ಮನುಷ್ಯನೊಬ್ಬನ ಪ್ರಾಣಕ್ಕೆ ಎರವಾಗುತ್ತಿತ್ತು ಎಂದು ಸ್ಥಳೀಯ ಪತ್ರಿಕೆಯೊಂದು ಬರೆಯಿತು. ನಮ್ಮ ಹಮಾಲರ ಊರಾದ ಅಗಡಿಯ ಕಡೆ ಇನ್ನೊಂದು ಕಥೆ ನಡೆಯುತ್ತಿದೆ: ಗುರುಪಾದಪ್ಪನಿಗೆ, ಅಂದರೆ ನನಗೆ, ಹಿಂದಿನ ರಾತ್ರಿ ಕನಸು ಬಿದ್ದಿತ್ತಂತೆ. ಎರಡೂ ಸುಳ್ಳು. ಯಂತ್ರ ತನಗೆ ಹೇಳಿದ್ದನ್ನೇ ಹೇಳಿತು. ನನಗೆ ಯಾವ ಕನಸೂ ಬೀಳಲಿಲ್ಲ. ಬರೆದು ಇಡದಿದ್ದರೆ ಸುಳ್ಳೇ ಇತಿಹಾಸವಾಗುತ್ತದೆಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಕೆಲಸದ ಪರಿಚಯ ಹೇಳಬೇಕು. ಬ್ಯಾಡಗಿಯ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು. ಬಿಸಿಲಿನ ತಿಂಗಳುಗಳಲ್ಲಿ ಆ ಬಣ್ಣ ಇಳಿಯದಂತೆ ಕಾಯಿಯನ್ನು ತಂಪಿನಲ್ಲಿ ಇಡುತ್ತಾರೆ. ನಮ್ಮಲ್ಲಿ ಆರು ಚೇಂಬರುಗಳಿದ್ದವು. ಚೇಂಬರ್ ಎಂದರೆ ಕಿಟಕಿಯಿಲ್ಲದ, ಗೋಡೆ ಬಾಗಿಲುಗಳಿಗೆಲ್ಲ ದಪ್ಪ ಹೊದಿಕೆ ಕೊಟ್ಟ ಎತ್ತರದ ಕೋಣೆ. ಒಳಗೆ ಒಂದರ ಮೇಲೊಂದು ಐದು ಅಟ್ಟಗಳು. ತಂಪು ಗಾಳಿ ಮೇಲೆ ಕೆಳಗೆ ಓಡಾಡಲೆಂದು ಅಟ್ಟದ ನೆಲವನ್ನು ಮರದ ಪಟ್ಟಿಗಳಿಂದ, ನಡುನಡುವೆ ಸಂದು ಬಿಟ್ಟು ಮಾಡಿರುತ್ತಾರೆ. ಅಮೋನಿಯಾ ಅನಿಲ ಕೊಳವೆಗಳಲ್ಲಿ ಹರಿದು ಒಳಗಿನ ಶಾಖವನ್ನು ಹೊತ್ತು ಹೊರಗೆ ಒಯ್ಯುತ್ತದೆ. ದೊಡ್ಡ ಫ್ಯಾನುಗಳು ಗಾಳಿ ತಿರುಗಿಸುತ್ತವೆ. ಒಳಗಿನ ಉಷ್ಣಾಂಶ ಐದು ಡಿಗ್ರಿ. ಹೊರಗೆ ಮೂವತ್ತೆಂಟು ಡಿಗ್ರಿ ಬಿಸಿಲಿನಲ್ಲಿ ಲಾರಿ ಇಳಿಸುವ ಹಮಾಲರು ಬೆವರಿನಲ್ಲಿ ತೊಯ್ದ ಬನಿಯನ್ನಿನಲ್ಲೇ ಚೀಲ ಹೊತ್ತು ಒಳಗೆ ನುಗ್ಗುತ್ತಾರೆ, ಒಗೆದು ಹೊರಗೆ ಬರುತ್ತಾರೆ. ಓಡಾಡುವವನಿಗೆ ಆ ತಂಪು ಸುಖ. ಹತ್ತು ನಿಮಿಷ ಸುಮ್ಮನೆ ನಿಂತವನಿಗೆ ಅದು ಬೇರೆಯೇ ಜಾತಿಯ ತಂಪು.

ನಾನು ಶಾಲೆಯಲ್ಲಿ ಕಲಿತದ್ದು ಏಳನೆಯ ಇಯತ್ತೆಯವರೆಗೆ. ಉಳಿದದ್ದನ್ನು ರಾಣೇಬೆನ್ನೂರಿನ ಐಸ್ ಫ್ಯಾಕ್ಟರಿಯಲ್ಲಿ ಕಲಿತೆ. ಅಲ್ಲಿನ ಕಂಪ್ರೆಸರಿನ ಜೊತೆ ಬಂದ ಇಂಗ್ಲಿಷ್ ಕೈಪಿಡಿಯನ್ನು ಒಂದು ಹಳೆಯ ನಿಘಂಟು ಇಟ್ಟುಕೊಂಡು ಎರಡು ವರ್ಷ ಓದಿದೆ. ಮೆಕ್ಯಾನಿಕ್ಕು ಹೇಳಿದ್ದಕ್ಕೂ ಕೈಪಿಡಿಯಲ್ಲಿ ಬರೆದದ್ದಕ್ಕೂ ಅಲ್ಲಲ್ಲಿ ತಾಳೆಯಾಗುತ್ತಿರಲಿಲ್ಲ. ಕೈಪಿಡಿ ಹೇಳಿದ್ದಕ್ಕೂ ಯಂತ್ರ ಮಾಡುತ್ತಿದ್ದುದಕ್ಕೂ ಒಮ್ಮೊಮ್ಮೆ ತಾಳೆಯಾಗುತ್ತಿರಲಿಲ್ಲ. ಅಂದಿನಿಂದ ಯಾರು ಏನು ಹೇಳಿದರೂ 'ನೀ ನೋಡೀಯೇನು' ಎಂದು ಕೇಳುವ ಚಟ ಹತ್ತಿತು. ಈ ಚಟದಿಂದ ನನಗೆ ಗೆಳೆಯರು ಕಡಿಮೆ.

ನಮ್ಮ ಹಮಾಲರಲ್ಲಿ ಒಂದು ಪದ್ಧತಿಯಿತ್ತು. ಮೆಣಸಿನಕಾಯಿ ಲಕ್ಷ್ಮಿ ಎಂದು ಹಿಂದೂಗಳೂ, ಅನ್ನ ಕೊಡುವ ಪದಾರ್ಥವೆಂದು ಮುಸಲ್ಮಾನರೂ ಚಪ್ಪಲಿ ಕಳಚದೆ ಚೇಂಬರಿನೊಳಗೆ ಕಾಲಿಡುತ್ತಿರಲಿಲ್ಲ. ಬಾಗಿಲ ಎದುರಿನ ಮೆಟ್ಟಿಲ ಮೇಲೆ ಚಪ್ಪಲಿಗಳ ಸಾಲು ಇರುತ್ತಿತ್ತು. ಕೆಲಸ ಮುಗಿದಾಗ ಮುಕದ್ದಮ, ಅಂದರೆ ತಂಡದ ಮುಖ್ಯಸ್ಥ, ಮೆಟ್ಟಿಲು ನೋಡಿ 'ಖಾಲಿ ಐತ್ರಿ' ಎಂದು ಗಟ್ಟಿಯಾಗಿ ಹೇಳುತ್ತಿದ್ದ. ಆಮೇಲೇ ಬಾಗಿಲು. ಒಂದು ಜೊತೆ ಉಳಿದಿದ್ದರೂ ಅದರ ಒಡೆಯನ ಹೆಸರು ಹಿಡಿದು ಕೂಗುತ್ತಿದ್ದರು. ಇದನ್ನು ಯಾವ ನಿಯಮದ ಪುಸ್ತಕದಲ್ಲೂ ಬರೆದಿರಲಿಲ್ಲ. ಯಾರೂ ಯಾರಿಗೂ ಕಲಿಸಿರಲಿಲ್ಲ. ಭಕ್ತಿಗೆಂದು ಹುಟ್ಟಿದ್ದು ಲೆಕ್ಕಕ್ಕೆ ಒದಗುತ್ತಿತ್ತು, ಅಷ್ಟೆ.

೨೦೨೧ರಲ್ಲಿ ಹೊಸ ವ್ಯವಸ್ಥೆ ಬಂತು. ಸಾವಕಾರರಿಗೆ ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳಲ್ಲಿ ಒಂದೊಂದು ಕೋಲ್ಡ್ ಸ್ಟೋರೇಜ್. ಮೂರನ್ನೂ ಹಾವೇರಿಯ ಕಚೇರಿಯಲ್ಲಿ ಕೂತು ಪರದೆಯ ಮೇಲೆ ನಡೆಸುವಂತಾಯಿತು. ಬಾಗಿಲುಗಳಿಗೆ ಅಲ್ಲಿಂದಲೇ ತೆಗೆಯುವ ವಿದ್ಯುತ್ ಬೀಗ. ಒಳಗೆ ಎಷ್ಟು ಜನ ಇದ್ದಾರೆಂದು ವ್ಯವಸ್ಥೆಯೇ ಎಣಿಸುತ್ತದೆ. ಎಣಿಕೆ ಸೊನ್ನೆಯಾದರೆ ದೀಪಗಳು ತಾವೇ ಆರುತ್ತವೆ. ನಮ್ಮ ಸ್ಥಾವರದಲ್ಲಿದ್ದ ಹನ್ನೊಂದು ಜನರಲ್ಲಿ ಮೂವರು ಉಳಿದರು. ಮೊದಲು ಅಗಡಿಯಿಂದ ಹದಿನಾಲ್ಕು ಹಮಾಲರು ಒಂದೇ ಟೆಂಪೋದಲ್ಲಿ ಬಂದು, ಬೇವಿನ ಗಿಡದ ಕೆಳಗೆ ಒಟ್ಟಿಗೆ ಬುತ್ತಿ ಬಿಚ್ಚಿ, ಒಂದೇ ಟೆಂಪೋದಲ್ಲಿ ಹೋಗುತ್ತಿದ್ದರು. ಈಗ ಲಾರಿ ಬಂದಾಗ ಅವರವರ ಫೋನಿಗೆ ಸಂದೇಶ. ಒಬ್ಬೊಬ್ಬರೇ ಬಂದರು, ಒಬ್ಬೊಬ್ಬರೇ ಹೋದರು. ಕಾಲಿಗೆ ಬೂಟು ಕೊಟ್ಟರು, ಚಪ್ಪಲಿ ಲಾಕರಿಗೆ ಸೇರಿತು, ಮೆಟ್ಟಿಲು ಬಹುಮಟ್ಟಿಗೆ ಖಾಲಿ.

ಹಾವೇರಿಯ ಆ ಪರದೆಯ ಮುಂದೆ ಕೂರುತ್ತಿದ್ದವಳು ಸುಮಂಗಲಾ. ಇಪ್ಪತ್ತಾರು ವರ್ಷದ ಎಂಜಿನಿಯರ್, ಚುರುಕು ಹುಡುಗಿ. ನಾನು ಪುಸ್ತಕ ಓದುವವನೆಂದು ತಿಳಿದ ಮೇಲೆ ತಿಂಗಳಿಗೊಮ್ಮೆ ಹಾವೇರಿಗೆ ವರದಿ ಕೊಡಲು ಹೋದಾಗಲೆಲ್ಲ ಒಂದು ಕಾದಂಬರಿ ಕೈಗಿಡುತ್ತಿದ್ದಳು. ಅವೆಲ್ಲ ಬರಲಿರುವ ಕಾಲದ ಕಥೆಗಳು. ಮನುಷ್ಯ ಉಸಿರಾಡುವುದಕ್ಕೂ ಯಂತ್ರವನ್ನು ನಂಬಿದ್ದಾನೆ. ನೆರೆಯವನ ಮುಖ ನೋಡಿ ವರ್ಷಗಳಾಗಿವೆ. ಎಲ್ಲರೂ ತಮ್ಮ ತಮ್ಮ ಗೂಡಿನಲ್ಲಿ ಒಂಟಿ. ಕತ್ತಲೆಯ ಭವಿಷ್ಯದ ಕಥೆಗಳೆಂದು ಅವಳು ಕರೆಯುತ್ತಿದ್ದಳು. ನಾಲ್ಕು ಓದಿದೆ. ನಾಲ್ಕರಲ್ಲೂ ಯಂತ್ರದ ಹಿಂದೆ ಒಬ್ಬ ಕ್ರೂರ ಅಧಿಪತಿ, ಎದುರಿಗೆ ಒಬ್ಬ ಬಂಡಾಯಗಾರ. ನನಗೆ ಅದು ನಂಬಿಕೆಯಾಗಲಿಲ್ಲ. ಹಾಗೆಂದೇ ಹೇಳಿದೆ.

"ಯಾಕ್ರಿ ಕಾಕಾ, ಹಂಗ ಆಗೂದಿಲ್ಲಂತೀರಿ?" ಎಂದಳು.

"ಆಗತೈತಿ ತಂಗಿ. ಆದ್ರ ಅದಕ್ಕ ಅಷ್ಟು ದೊಡ್ಡ ಖಳನಾಯಕ ಬೇಕಾಗೂದಿಲ್ಲ ಅಂತೇನಿ."

ಅವಳು ನಕ್ಕಳು. ನಾನೂ ಅದನ್ನು ವಾದಕ್ಕಾಗಿ ಹೇಳಿದ್ದೆನೇ ಹೊರತು ಅದರ ಅರ್ಥ ನನಗೇ ಆಗಿರಲಿಲ್ಲ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಬೇಕು. ಹೊಸ ವ್ಯವಸ್ಥೆ ಮೊದಲು ಹಮಾಲರ ಬೆರಳಚ್ಚು ಕೇಳಿತು. ವರ್ಷಗಟ್ಟಲೆ ಮೆಣಸಿನಕಾಯಿ ಮುಟ್ಟಿದ ಬೆರಳುಗಳು. ಗೆರೆಗಳು ಸವೆದು, ಮೇಲೆ ಕಾಯಿಯ ಎಣ್ಣೆ ಮೆತ್ತಿಕೊಂಡಿರುತ್ತದೆ. ಯಂತ್ರ ಹತ್ತರಲ್ಲಿ ಇಬ್ಬರನ್ನು ಗುರುತಿಸಿದರೆ ಹೆಚ್ಚು. ಆಗ ಕೊರಳಿಗೆ ಹಾಕುವ ಕಾರ್ಡು ಕೊಟ್ಟರು. ಚೀಲ ಹೊರುವಾಗ ಅದರ ದಾರ ಕೊಕ್ಕೆಗೆ ಸಿಕ್ಕಿ ಒಬ್ಬನ ಕೊರಳು ಕೊಯ್ದಿತು. ಮರುದಿನದಿಂದ ಎಲ್ಲರೂ ಕಾರ್ಡನ್ನು ಮುಕದ್ದಮ ಬಸಣ್ಣನ ಕೈಗೆ ಕೊಟ್ಟರು. ಬಸಣ್ಣ ಇಸ್ಪೀಟಿನ ಕಟ್ಟಿನಂತೆ ಅವಕ್ಕೆ ರಬ್ಬರ್ ಬ್ಯಾಂಡ್ ಹಾಕಿಟ್ಟುಕೊಂಡು, ಕೆಲಸ ಶುರುವಾದಾಗ ಒಂದಾದ ಮೇಲೊಂದು ಬಾಗಿಲಿನ ಪೆಟ್ಟಿಗೆಗೆ ತಾಕಿಸುತ್ತಿದ್ದ, ಮುಗಿದಾಗ ಮತ್ತೆ ಹಾಗೆಯೇ. ಪರದೆಯಲ್ಲಿ ಎಂಟು ಜನ ಒಳಗೆ ಹೋದರು, ಎಂಟು ಜನ ಹೊರಗೆ ಬಂದರು.

ನಾನು ಇದನ್ನು ಆರು ತಿಂಗಳ ಮೊದಲೇ ನೋಡಿದ್ದೆ. ನೋಡಿ ಒಳಗೊಳಗೇ ನಕ್ಕಿದ್ದೆ. ಲಕ್ಷಗಟ್ಟಲೆ ಸುರಿದು ತಂದ ವ್ಯವಸ್ಥೆಯನ್ನು ಅಕ್ಷರ ಬಾರದ ಬಸಣ್ಣ ಒಂದು ರಬ್ಬರ್ ಬ್ಯಾಂಡಿನಿಂದ ಸೋಲಿಸಿದನಲ್ಲ ಎಂಬ ಸಂತೋಷ ನನಗೆ. ಪುಸ್ತಕದಲ್ಲಿ ಬರೆಯಲಿಲ್ಲ, ಸುಮಂಗಲಾಗೆ ಹೇಳಲಿಲ್ಲ.

ಆ ದಿನ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಹರಾಜಾಗುವ ಟೆಂಡರಿನ ದಿನ. ದಾರಿಯಲ್ಲಿ ಮೋಟೆಬೆನ್ನೂರಿನಿಂದಲೇ ಲಾರಿಗಳ ಸಾಲು. ನನ್ನ ಬಸ್ಸು ಬ್ಯಾಡಗಿ ಮುಟ್ಟಿದಾಗ ಮಧ್ಯಾಹ್ನ ಮೂರು ಗಂಟೆ. ಕಂಪ್ರೆಸರ್ ಕೋಣೆ ನೋಡಿ, ಬರೆದು, ಎಂದಿನಂತೆ ಆರು ಚೇಂಬರುಗಳ ಹೊರಗೆ ಒಂದು ಸುತ್ತು ಹಾಕಿದೆ. ಈ ಸುತ್ತು ನನ್ನ ಕೆಲಸದಲ್ಲಿ ಸೇರಿಲ್ಲ. ಪರದೆಯಲ್ಲಿ ಎಲ್ಲ ಕಾಣುವಾಗ ನಡೆಯುವುದೇಕೆ ಎಂದು ಸಾವಕಾರರ ಮಗ ಒಮ್ಮೆ ಕೇಳಿದ್ದ. ನಾಲ್ಕನೆಯ ಚೇಂಬರಿನ ಮೆಟ್ಟಿಲ ಮೇಲೆ ಒಂದು ಜೊತೆ ಚಪ್ಪಲಿ ಇತ್ತು.

ಟೈರಿನ ಅಟ್ಟೆಯ ಕಪ್ಪು ಚಪ್ಪಲಿ. ಎಡಗಾಲಿನದರ ಪಟ್ಟಿ ಕಿತ್ತುಹೋಗಿ ತಾಮ್ರದ ತಂತಿಯಿಂದ ಬಿಗಿದಿತ್ತು. ಸುಟ್ಟ ಮೋಟಾರಿನಿಂದ ಬಿಚ್ಚಿದ ಆ ತಂತಿಯನ್ನು ಕೊಟ್ಟವನು ನಾನೇ. ಚಪ್ಪಲಿ ಅಗಡಿಯ ದಾವಲಸಾಬನದು. ನಲವತ್ತು ದಾಟಿದ ಗಟ್ಟಿ ಆಳು, ಮಾತು ಕಡಿಮೆ. ಕಂಪನಿಯ ಬೂಟು ಪಟ್ಟಿಗಳ ಮೇಲೆ ಜಾರುತ್ತದೆಂದು ಹೇಳಿ ಅವನೊಬ್ಬ ಹಳೆಯ ಪದ್ಧತಿಯಂತೆ ಬರಿಗಾಲಿನಲ್ಲೇ ಒಳಗೆ ಹೋಗುತ್ತಿದ್ದ.

ಬಾಗಿಲು ಮುಚ್ಚಿತ್ತು. ಬೀಗದ ಕೆಂಪು ದೀಪ ಉರಿಯುತ್ತಿತ್ತು. ಕಾವಲುಗಾರನನ್ನು ಕೇಳಿದೆ. ದಾವಲಸಾಬ ಮಧ್ಯಾಹ್ನವೇ ಹೋದ ಎಂದ. ನೋಡಿದೆಯಾ ಎಂದರೆ, ತನ್ನ ಫೋನು ತೆಗೆದು ತೋರಿಸಿದ: ನಾಲ್ಕನೆಯ ಚೇಂಬರು, ಒಳಗೆ ಸೊನ್ನೆ. ಚಪ್ಪಲಿಯ ಮಾತೆತ್ತಿದರೆ, ಬೂಟಿನಲ್ಲೇ ಮನೆಗೆ ಹೋಗಿರುತ್ತಾನೆ, ಎಷ್ಟೋ ಜನ ಹೋಗುತ್ತಾರೆ ಎಂದ. ಅದು ನಿಜವೂ ಆಗಿತ್ತು, ಬೇರೆಯವರ ಮಟ್ಟಿಗೆ.

ದಾವಲಸಾಬನ ನಂಬರಿಗೆ ಫೋನು ಮಾಡಿದೆ. ಎತ್ತಿದವಳು ಅವನ ಹೆಂಡತಿ ಮುಮತಾಜ್. ಫೋನು ಚಾರ್ಜಿಗಿಟ್ಟು ಹೋಗಿದ್ದಾನೆ, ಇನ್ನೂ ಬಂದಿಲ್ಲ, ಐದರ ಬಸ್ಸಿಗೆ ಬಂದಾನು ಎಂದಳು. ಅವಳ ದನಿಯಲ್ಲಿ ಗಾಬರಿಯಿರಲಿಲ್ಲ, ನಾನೂ ಹುಟ್ಟಿಸಲಿಲ್ಲ. ಆಮೇಲೆ ಬಸಣ್ಣನಿಗೆ ಮಾಡಿದೆ. ಅವನು ಮಾರುಕಟ್ಟೆಯಲ್ಲಿ ಇನ್ನೊಂದು ಲಾರಿ ತುಂಬಿಸುತ್ತಿದ್ದ.

"ದಾವಲಸಾಬ ಎಲ್ಲಿ ಅದಾನೋ?"

"ಮನಿಗೆ ಹೋಗ್ಯಾನ್ರಿ."

"ನೀ ಕಣ್ಣಿಲೆ ನೋಡೀಯೇನು?"

"ನೋಡೂದೇನೈತ್ರಿ ಅದರಾಗ? ಹನ್ನೆರಡೂ ನಲವತ್ತಕ್ಕ ಅವನ ಕಾರ್ಡು ಹೊರಗ ಬಿದ್ದೈತಿ. ಬೇಕಾದ್ರ ಹಾವೇರಿ ಅಕ್ಕಾರನ್ನ ಕೇಳ್ರಿ."

"ಕಾರ್ಡು ಹಚ್ಚಿದವ್ರು ಯಾರು?"

ಲಾರಿಗಳ ಹಾರ್ನಿನ ನಡುವೆ ಬಸಣ್ಣ ಹೇಳಿದ: "ನಾನ ಹಚ್ಚೇನ್ರಿ."

ತಾನು ಕೈಯಾರೆ ತಾಕಿಸಿದ ಕಾರ್ಡನ್ನೇ ಅವನು ನನಗೆ ಸಾಕ್ಷಿಯೆಂದು ಹೇಳುತ್ತಿದ್ದ. ಮೋಸವಲ್ಲ, ಅವನು ಅದನ್ನು ನಿಜವಾಗಿಯೂ ನಂಬಿದ್ದ. ಕಾವಲುಗಾರ ಪರದೆಯನ್ನು ನಂಬಿದ್ದ, ಪರದೆ ಕಾರ್ಡನ್ನು ನಂಬಿತ್ತು, ಕಾರ್ಡು ಬಸಣ್ಣನ ಕೈಯಲ್ಲಿತ್ತು, ಬಸಣ್ಣ ತಿರುಗಿ ಪರದೆಯನ್ನು ನಂಬಿದ್ದ. ಈ ಸುತ್ತಿನಲ್ಲಿ ಒಬ್ಬನೂ ದಾವಲಸಾಬನ ಮುಖ ನೋಡಿರಲಿಲ್ಲ. ಗಂಟೆ ಮೂರೂವರೆ ಆಗಿತ್ತು. ಒಳಗಿದ್ದರೆ, ಬೆವರಿದ ಮೈಯಲ್ಲಿ ಸುಮಾರು ಮೂರು ತಾಸಿನಿಂದ ಇದ್ದಾನೆ.

ಸುಮಂಗಲಾಗೆ ಫೋನು ಮಾಡಿ ಬಾಗಿಲು ತೆಗೆ ಎಂದೆ. ಅವಳಿಗೆ ಕಷ್ಟವಿತ್ತು. ತುಂಬಿಸಿದ ಚೇಂಬರನ್ನು ಎಂಟು ಗಂಟೆಗಳ ಕಾಲ ತೆಗೆಯುವಂತಿಲ್ಲ. ಹೊರಗಿನ ತೇವ ನುಗ್ಗಿದರೆ ಕಾಯಿಗೆ ಬೂಷ್ಟು ಹಿಡಿಯುತ್ತದೆ. ತೆಗೆಯಲು ಸಾವಕಾರರ ಒಪ್ಪಿಗೆ ಬೇಕು, ಅವರು ವಿಮಾನದಲ್ಲಿದ್ದರು. ಇದರ ಜೊತೆಗೆ ಫೆಬ್ರವರಿಯಲ್ಲಿ ನಾನು ಅಮೋನಿಯಾ ವಾಸನೆಯೆಂದು ಹಠ ಹಿಡಿದು ಎರಡನೆಯ ಚೇಂಬರನ್ನು ತೆಗೆಸಿದ್ದೆ. ಒಳಗೆ ಏನೂ ಇರಲಿಲ್ಲ. ನನ್ನ ಮಾತಿನ ಮೇಲೆ ಇನ್ನೊಮ್ಮೆ ಬಾಗಿಲು ತೆಗೆದರೆ ಕೆಲಸ ಬಿಡಬೇಕಾದೀತೆಂದು ಅವಳಿಗೆ ಬರವಣಿಗೆಯಲ್ಲಿ ಎಚ್ಚರಿಕೆ ಬಂದಿತ್ತು. ಇದು ನನಗೆ ಗೊತ್ತಿತ್ತು.

ಅವಳು ಬಾಗಿಲಿನ ಕ್ಯಾಮೆರಾ ನೋಡಿದಳು. ಬಿಸಿ ಗಾಳಿ ತಣ್ಣನೆಯ ಗಾಜಿಗೆ ತಾಗಿ ಮಂಜು ಕಟ್ಟಿ, ಹನ್ನೆರಡೂ ನಲವತ್ತರ ಚಿತ್ರದಲ್ಲಿ ನೆರಳುಗಳು ಮಾತ್ರ ಇದ್ದವಂತೆ. ಎಷ್ಟು ನೆರಳು ಎಂದು ಕೇಳಿದೆ. ಎಣಿಸಲು ಬರುವುದಿಲ್ಲ ಎಂದಳು.

"ಕಾಕಾ, ಸಿಸ್ಟಮ್ಮಿನ್ಯಾಗ ಸೊನ್ನೆ ಐತಿ. ಎಂಟೂ ಕಾರ್ಡು ಹೊರಗ ಬಂದಾವು."

"ಕಾರ್ಡು ಬಂದಾವು ತಂಗಿ. ಮನಷ್ಯಾ ಬಂದಾನಂತ ಯಾರು ನೋಡ್ಯಾರ, ಒಂದು ಹೆಸರು ಹೇಳು."

ಆಮೇಲೆ ಆರು ತಿಂಗಳು ಮುಚ್ಚಿಟ್ಟಿದ್ದ ರಬ್ಬರ್ ಬ್ಯಾಂಡಿನ ಸಂಗತಿಯನ್ನು ಹೇಳಿದೆ. ಅವಳು ಬಯ್ಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ನಾನು ಮಾತಾಡುತ್ತಲೇ ವಿದ್ಯುತ್ ಫಲಕದ ಕಡೆಗೆ ನಡೆದಿದ್ದೆ. ಆ ಬೀಗದ ಕೈಪಿಡಿಯನ್ನೂ ನಾನು ಓದಿದ್ದೆ. ವಿದ್ಯುತ್ತು ಪೂರ್ತಿ ನಿಂತರೆ ಬೀಗ ತಾನೇ ಬಿಡುತ್ತದೆ. ಹಾಗೆ ಮಾಡಿದರೆ ಆರೂ ಚೇಂಬರು, ಕಂಪ್ರೆಸರು ಎಲ್ಲ ಒಮ್ಮೆಗೇ ನಿಲ್ಲುತ್ತವೆ. ಅದು ನನ್ನ ಕೊನೆಯ ದಿನವಾಗುತ್ತದೆ, ಪೊಲೀಸು ದೂರೂ ಆದೀತು. ಮುಖ್ಯ ಸ್ವಿಚ್ಚಿನ ಹಿಡಿಕೆಯ ಮೇಲೆ ಕೈ ಇಟ್ಟುಕೊಂಡೇ ಹೇಳಿದೆ, ಇದನ್ನು ಎಳೆಯುತ್ತೇನೆ, ನನ್ನ ಹೆಸರು ಬರೆದುಕೋ ಎಂದು.

"ತಡೀರಿ," ಎಂದಳು. ಕೀಲಿಮಣೆಯ ಸದ್ದು ಕೇಳಿಸಿತು. "ಹೆಸರು ಬರಿಯೂದಾದ್ರ ನಂದ ಬರೀಲಿ ಬಿಡ್ರಿ. ತಗದೇನಿ, ಹೋಗ್ರಿ."

ಕೆಂಪು ದೀಪ ಹಸಿರಾಯಿತು. ನಾನೂ ಕಾವಲುಗಾರನೂ ಬಾಗಿಲು ಎಳೆದೆವು. ಒಳಗೆ ಗವ್ವೆನ್ನುವ ಕತ್ತಲೆ. ವ್ಯವಸ್ಥೆಯ ಲೆಕ್ಕದಲ್ಲಿ ಇನ್ನೂ ಯಾರೂ ಇರಲಿಲ್ಲ. ನಾವು ಕಾರ್ಡು ತಾಕಿಸದೆ ಒಳಗೆ ಹೋದದ್ದರಿಂದ ನಾವೂ ಇರಲಿಲ್ಲ. ದೀಪ ಹತ್ತಲಿಲ್ಲ. ಫ್ಯಾನುಗಳ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ. ಫ್ಯಾನು ನಿಲ್ಲಿಸು ಎಂದು ಹಾವೇರಿಗೆ ಹೇಳಿದೆ. ಅವು ನಿಧಾನವಾಗಿ ನಿಂತವು. ಟಾರ್ಚು ಬಿಟ್ಟು ಹೆಸರು ಹಿಡಿದು ಕೂಗಿದೆ. ಉತ್ತರವಿಲ್ಲ. ಕಾವಲುಗಾರ ನನ್ನ ಮುಖ ನೋಡಿದ. ಫೆಬ್ರವರಿ ಅವನಿಗೂ ನೆನಪಿತ್ತು.

ಅಷ್ಟರಲ್ಲಿ ಬಸಣ್ಣ ಬೈಕು ಎಸೆದು ಓಡಿ ಬಂದ. ಯಾರನ್ನೂ ಕೇಳದೆ ಕತ್ತಲಲ್ಲೇ ಏಣಿ ಹತ್ತತೊಡಗಿದ. ಅವನ ಭುಜ ತಾಗಿ ಚೀಲವೊಂದು ಅಲುಗಿ ಘಾಟು ಎದ್ದಿತು. ನಮ್ಮೆಲ್ಲರ ಮೂಗು ಕಟ್ಟಿತು. ಆಗ ಮೇಲಿನಿಂದ ಒಂದು ಸೀನು ಕೇಳಿಸಿತು. ಅತಿ ಸಣ್ಣದು, ಅರ್ಧಕ್ಕೇ ನಿಂತದ್ದು. ನಾವು ಮೂವರೂ ಸೀನಿರಲಿಲ್ಲ.

"ಅದಾನ್ರಿ," ಎಂದ ಬಸಣ್ಣ ಮೇಲಿನಿಂದ. "ಇಲ್ಲೇ ಅದಾನ್ರಿ."

ನಾಲ್ಕನೆಯ ಅಟ್ಟದಲ್ಲಿ ದಾವಲಸಾಬನ ಬಲಗಾಲು ಎರಡು ಪಟ್ಟಿಗಳ ಸಂದಿಗೆ ಇಳಿದು ಮುರಿದಿತ್ತು. ಹೊತ್ತಿದ್ದ ಚೀಲ ಮತ್ತು ಅದು ತಳ್ಳಿ ಕೆಡವಿದ ಇನ್ನೆರಡು ಚೀಲಗಳು ಅವನ ಸೊಂಟದ ಮೇಲೆ ಬಿದ್ದಿದ್ದವು. ಬಾಗಿಲನ್ನು ಒಳಗಿನಿಂದ ತೆಗೆಯುವ ಹಿಡಿಕೆ ಇತ್ತು, ಅಪಾಯದ ಗಂಟೆಯೂ ಇತ್ತು. ಎರಡೂ ಕೆಳಗೆ, ಬಾಗಿಲ ಪಕ್ಕದಲ್ಲಿ. ಮೈ ಮರಗಟ್ಟಿತ್ತು, ತುಟಿ ಕಪ್ಪಾಗಿತ್ತು, ನಡುಕವೂ ನಿಂತುಹೋಗಿತ್ತು. ನಡುಗುವವನಿಗಿಂತ ನಡುಕ ನಿಂತವನಿಗೆ ಹೆಚ್ಚು ಭಯಪಡಬೇಕೆಂದು ಐಸ್ ಫ್ಯಾಕ್ಟರಿಯ ದಿನಗಳಲ್ಲಿ ತಿಳಿದಿದ್ದೆ. ಬಿಸಿಲಿಗೆ ಒಯ್ದು ಮಲಗಿಸುವುದು ಬೇಡ, ಕೈಕಾಲು ತಿಕ್ಕುವುದು ಬೇಡ ಎಂದೆ. ಒದ್ದೆ ಬನಿಯನ್ನು ಬಿಚ್ಚಿ, ಒಣ ಗೋಣಿಚೀಲ ಸುತ್ತಿ, ಅಲುಗಾಡಿಸದೆ ಇಳಿಸಿದೆವು. ಆಂಬುಲೆನ್ಸು ಬರುವವರೆಗೆ ಬಸಣ್ಣ ತನ್ನ ಅಂಗಿ ಕಳಚಿ ಅವನನ್ನು ಎದೆಗೆ ಅಪ್ಪಿಕೊಂಡು ಕುಳಿತಿದ್ದ. ಆ ಹೊತ್ತಿನಲ್ಲಿ ಅವನ ಜೇಬಿನಿಂದ ಕಾರ್ಡುಗಳ ಕಟ್ಟು ನೆಲಕ್ಕೆ ಬಿತ್ತು. ಯಾರೂ ಎತ್ತಿಕೊಳ್ಳಲಿಲ್ಲ.

ಬ್ಯಾಡಗಿಯಲ್ಲಿ ಮೊದಲ ಚಿಕಿತ್ಸೆ ಮಾಡಿ ಹಾವೇರಿಗೆ ಕಳಿಸಿದರು. ಇನ್ನೊಂದು ಗಂಟೆ ತಡವಾಗಿದ್ದರೆ ತಮ್ಮಿಂದ ಏನೂ ಹೇಳಲಾಗುತ್ತಿರಲಿಲ್ಲ ಎಂದರು ವೈದ್ಯರು. ಐದರ ಬಸ್ಸಿಗಾಗಿ ಕಾದಿದ್ದರೆ ಒಂದೂವರೆ ಗಂಟೆಯೇ ತಡವಾಗುತ್ತಿತ್ತು.

ಮರುದಿನ ಆಸ್ಪತ್ರೆಯಲ್ಲಿ ಮುಮತಾಜ್ ಗಂಡನ ಕಾಲ ಬಳಿ ಕುಳಿತಿದ್ದಳು. ನಿನ್ನೆ ನಾನು ಫೋನಿನಲ್ಲಿ ನಿಜ ಹೇಳಲಿಲ್ಲವೆಂದು ಅವಳಿಗೆ ಸಿಟ್ಟಿತ್ತು, ಅದು ನ್ಯಾಯವೇ. ಸುಮಂಗಲಾ ಕಚೇರಿಯಿಂದ ನಡೆದೇ ಬಂದಿದ್ದಳು. ಹಿಂದಿನ ಸಂಜೆ ಅವಳು ಬ್ಯಾಡಗಿಗೂ ಬಂದು ಹೋಗಿದ್ದಳು. ಎರಡು ವರ್ಷ ಪರದೆಯ ಮೇಲೆ ನಡೆಸಿದ ಚೇಂಬರಿನ ಗೋಡೆಯನ್ನು ಅವಳು ಅಂಗೈಯಿಂದ ಮುಟ್ಟಿದ್ದು ಅದೇ ಮೊದಲು. ಒಳಗೆ ಹೇಗಿತ್ತು ಎಂದು ದಾವಲಸಾಬನನ್ನು ಮೆಲ್ಲಗೆ ಕೇಳಿದಳು.

"ಕಾಲು ಮುರದಾಗ ಅಂಜಿಕಿ ಆಗ್ಲಿಲ್ರಿ ಅಕ್ಕಾರ. ಒದರಿದ್ರ ಯಾರರ ಬರ್ತಾರಂತ ಇದ್ದೆ. ಆಮ್ಯಾಲೆ ಲೈಟು ತಾನ ಆರಿತು. ಲೈಟು ಆರಿದ ಮ್ಯಾಲ, ನಾ ಇಲ್ಲಿ ಇಲ್ಲ ಅಂತ ನನಗೂ ಅನಸಾಕತ್ತಿತ್ತು."

ಸುಮಂಗಲಾ ಹೊರಗೆ ಬಂದು ಮೊಗಸಾಲೆಯ ಬೆಂಚಿನ ಮೇಲೆ ಕುಳಿತಳು. ಆ ಕಾದಂಬರಿಗಳು ಹೇಳಿದ್ದೇ ಆಯಿತಲ್ಲ ಎಂದಳು. ನಾನು ಒಪ್ಪಲಿಲ್ಲ. ಕಾದಂಬರಿಗಳು ಕತ್ತಲೆಯನ್ನು ಸರಿಯಾಗಿಯೇ ಬರೆದಿವೆ. ದಾವಲಸಾಬನ ಮಾತು ಅವುಗಳಲ್ಲಿ ಯಾವುದಕ್ಕೂ ಕಡಿಮೆಯಿಲ್ಲ. ಆದರೆ ಕತ್ತಲೆ ಹೇಗೆ ಬಂತೆಂಬುದನ್ನು ಅವು ತಪ್ಪಾಗಿ ಬರೆದಿವೆ. ನಮ್ಮಲ್ಲಿ ಕ್ರೂರ ಅಧಿಪತಿ ಯಾರಿದ್ದರು? ಸಾವಕಾರರು ಹಮಾಲರ ಮಕ್ಕಳ ಮದುವೆಗೆ ತಪ್ಪದೆ ಬರುವವರು. ಬಸಣ್ಣ ದಾವಲಸಾಬನ ಜೊತೆ ಇಪ್ಪತ್ತು ವರ್ಷ ಬುತ್ತಿ ಹಂಚಿಕೊಂಡವನು. ಸುಮಂಗಲಾ ತನ್ನ ಕೆಲಸವನ್ನೇ ಪಣಕ್ಕಿಟ್ಟು ಬಾಗಿಲು ತೆಗೆದವಳು. ಬಂಡಾಯಗಾರ ನಾನೆಂದು ಪತ್ರಿಕೆ ಬರೆಯಿತು. ಆ ಬಂಡಾಯಗಾರ ಆರು ತಿಂಗಳು ರಬ್ಬರ್ ಬ್ಯಾಂಡ್ ನೋಡಿ ನಕ್ಕು ಸುಮ್ಮನಿದ್ದವನು. ಎಲ್ಲರೂ ಒಳ್ಳೆಯವರೇ ಆಗಿದ್ದ ಜಾಗದಲ್ಲಿ ಒಬ್ಬ ಮನುಷ್ಯ ಮೂರು ಗಂಟೆ ಇಲ್ಲವಾಗಿದ್ದ.

ವಾರದ ನಂತರ ಸಾವಕಾರರು ವಿಚಾರಣೆ ನಡೆಸಿದರು. ಯಾರದು ತಪ್ಪು ಎಂದು ಒಂದು ಹೆಸರು ಕೇಳಿದರು. ಬಸಣ್ಣನ ಹೆಸರು ಬರೆದು ಮುಗಿಸುವ ಸನ್ನಾಹವಿತ್ತು. ನನ್ನ ಹೆಸರನ್ನು ಮೊದಲು ಬರೆಯದೆ ಅವನದನ್ನು ಬರೆದರೆ ಒಪ್ಪುವುದಿಲ್ಲ ಎಂದೆ. ಜೊತೆಗೆ ಮೂರು ಬೇಡಿಕೆ ಇಟ್ಟೆ. ಚಪ್ಪಲಿಯನ್ನು ಲಾಕರಿನ ಬದಲು ಮತ್ತೆ ಮೆಟ್ಟಿಲ ಮೇಲೆ ಬಿಡಬೇಕು, ಬಾಗಿಲು ಮುಚ್ಚುವ ಮುನ್ನ ಅವನ್ನು ಎಣಿಸಿ ಬಾಯಿಂದ ಹೇಳಬೇಕು. ದೀಪದ ಸ್ವಿಚ್ಚು ಮನುಷ್ಯನ ಕೈಯಲ್ಲಿರಬೇಕು. ಹಮಾಲರು ತಂಡವಾಗಿ ಬಂದು ತಂಡವಾಗಿ ಹೋಗಬೇಕು. ಇವು ಆಗುವವರೆಗೆ ದಪ್ಪ ಪುಸ್ತಕಕ್ಕೆ ಸಹಿ ಹಾಕುವುದಿಲ್ಲ ಎಂದು ಕುಳಿತೆ. ಸಹಿಯಿಲ್ಲದ ಪುಸ್ತಕವನ್ನು ಸರ್ಕಾರದ ತಪಾಸಣೆಯ ಅಧಿಕಾರಿಗಳು ಒಪ್ಪುವುದಿಲ್ಲ. ಹದಿನೆಂಟು ದಿನ ಬಸ್ಸಿನಲ್ಲಿ ದಿನವೂ ಬಂದು, ಸಹಿ ಹಾಕದೆ ಹಿಂದಿರುಗಿದೆ. ಈ ಮುದುಕನಿಗೆ ಹಠದ ಹೊರತು ಬೇರೆ ವಿದ್ಯೆ ಬಾರದು ಎಂದು ಸಾವಕಾರರ ಮಗ ಅಂದನಂತೆ. ಅವನ ಮಾತನ್ನು ನಾನು ಅಲ್ಲಗಳೆಯುವುದಿಲ್ಲ.

ಮೊದಲಿನ ಎರಡು ಸಿಕ್ಕವು. ಮೂರನೆಯದು ಸಿಗಲಿಲ್ಲ. ಟೆಂಪೋ ಮತ್ತೆ ಬರಲಿಲ್ಲ. ಹಮಾಲರು ಇಂದಿಗೂ ಫೋನಿನ ಸಂದೇಶ ನೋಡಿಕೊಂಡು ಒಬ್ಬೊಬ್ಬರೇ ಬರುತ್ತಾರೆ. ಬೇವಿನ ಗಿಡದ ಕೆಳಗೆ ಬೈಕುಗಳು ನಿಲ್ಲುತ್ತವೆ. ಗೆದ್ದೆನೆಂದು ಹೇಳಿಕೊಳ್ಳುವ ಹಕ್ಕು ನನಗಿಲ್ಲ.

ದಾವಲಸಾಬನನ್ನು ಬರಿಗಾಲಿನಲ್ಲಿ ಆಂಬುಲೆನ್ಸಿಗೆ ಏರಿಸಿದ್ದರಿಂದ ಅವನ ಚಪ್ಪಲಿ ಮೆಟ್ಟಿಲ ಮೇಲೇ ಉಳಿದಿತ್ತು. ಮನೆಗೆ ಮುಟ್ಟಿಸುತ್ತೇನೆಂದು ಬಸಣ್ಣ ಎತ್ತಿಕೊಂಡ. ಬೇಡ, ಇಲ್ಲೇ ಇರಲಿ ಎಂದೆ. ಅಂದಿನಿಂದ ನಾಲ್ಕನೆಯ ಚೇಂಬರು ಮುಚ್ಚುವಾಗಲೆಲ್ಲ ಒಂದು ಜೊತೆ ಹೆಚ್ಚಾಗುತ್ತಿತ್ತು. ಬಸಣ್ಣ ಪ್ರತಿ ಸಲವೂ ನಿಂತು, ಎಲ್ಲರಿಗೆ ಕೇಳುವಂತೆ ಹೇಳಬೇಕಾಗುತ್ತಿತ್ತು: "ಒಂದು ಜೋಡಿ ದಾವಲಸಾಬಂದು. ಅವ ಮನ್ಯಾಗ ಅದಾನ, ನಾ ನೋಡಿ ಬಂದೇನಿ." ಹಾಗೆ ಹೇಳಬೇಕೆಂದರೆ ನೋಡಿ ಬರಲೇಬೇಕು. ಬಸಣ್ಣ ದಿನವೂ ಅಗಡಿಗೆ ಹೋದಾಗ ಅವನ ಮನೆಯ ಮುಂದೆ ಬೈಕು ನಿಲ್ಲಿಸಿ, ಮುಖ ನೋಡಿ, ಚಹಾ ಕುಡಿದು ಹೋಗುತ್ತಿದ್ದ. ಉಳಿದವರೂ ಸರದಿಯಂತೆ ಹೋಗತೊಡಗಿದರು.

ನಲವತ್ತು ವರ್ಷ ಯಂತ್ರಗಳ ಜೊತೆ ಬದುಕಿದ್ದೇನೆ, ಅವುಗಳ ಮೇಲೆ ನನಗೆ ದ್ವೇಷವಿಲ್ಲ. ಯಂತ್ರ ಎಣಿಸಲಿ. ಅದು ನನಗಿಂತ ಚೆನ್ನಾಗಿ ಎಣಿಸುತ್ತದೆ. ಆದರೆ ಒಬ್ಬ ಮನುಷ್ಯ ಇದ್ದಾನೆ ಅಥವಾ ಇಲ್ಲ ಎಂಬ ಮಾತನ್ನು, ಅವನನ್ನು ನೋಡಿದ ಇನ್ನೊಬ್ಬ ಮನುಷ್ಯ ಬಾಯಿಬಿಟ್ಟು ಹೇಳಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಇದನ್ನು ಕಲಿಯಲು ನನಗೆ ಆರು ತಿಂಗಳ ಮೌನ ಮತ್ತು ದಾವಲಸಾಬನಿಗೆ ಒಂದು ಕಾಲು ಬೇಕಾದವು.

ಜುಲೈ ತಿಂಗಳಲ್ಲಿ ಒಂದು ಮಧ್ಯಾಹ್ನ ದಾವಲಸಾಬ ಕೋಲೂರಿಕೊಂಡು ಬಂದ. ಅಟ್ಟ ಹತ್ತುವ ಕೆಲಸ ಇನ್ನು ಆಗದು, ಊರಲ್ಲೇ ಕಿರಾಣಿ ಅಂಗಡಿಯಲ್ಲಿ ಕೂರುತ್ತೇನೆ, ಚಪ್ಪಲಿ ಒಯ್ಯಲು ಬಂದೆ ಎಂದ. ಮೇಲೆ ಕೂತಿದ್ದ ಕೆಂಪು ಧೂಳನ್ನು ಒರೆಸಿ, ತಂತಿ ಕಟ್ಟಿದ ಎಡಗಾಲಿನದನ್ನು ಮೊದಲು ಮೆಟ್ಟಿದ, ಆಮೇಲೆ ಬಲಗಾಲಿನದನ್ನು, ನಿಧಾನವಾಗಿ. ಒಳಗೆ ಅಂದಿನ ಕೆಲಸ ಮುಗಿದಿತ್ತು. ಹಮಾಲರು ಒಬ್ಬೊಬ್ಬರಾಗಿ ಹೊರಗೆ ಬಂದು ತಮ್ಮ ತಮ್ಮ ಚಪ್ಪಲಿ ಮೆಟ್ಟಿದರು. ಯಾರೂ ಹೋಗಲಿಲ್ಲ. ಬಸಣ್ಣ ಮೆಟ್ಟಿಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ, ದಾವಲಸಾಬನ ಮುಖವನ್ನು ನೋಡಿದ.

"ಖಾಲಿ ಐತ್ರಿ," ಎಂದ, ಮತ್ತು ಬಾಗಿಲು ಮುಚ್ಚಿದ.